ಸಂಡಿಗೆಯಲ್ಲ, ಸಂಪಿಗೆ

9 ಅಕ್ಟೋಬರ್ 2024, ಬುಧವಾರ

ಮೇಲಿನವರು ಕೆಳಗೆ ಬಂದರು. ಆಸ್ಪತ್ರೆಯ ಇಬ್ಬರು ಆಳುಗಳು ಕುರ್ಚಿ ಸಮೇತ ಎತ್ತಿ ತಂದು ನಮ್ಮ ಮುಂದಿನ ಕೋಣೆಯ ಮಂಚದ ಮೇಲೆ ಮಲಗಿಸಿ ಹೋದರು. ಮನೆಯ ಮೆಟ್ಟಿಲು ಕಡಿದಾಗಿದೆ, ಮೇಲಕ್ಕೆ ಹತ್ತಿಸುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದರಂತೆ. "ಅತ್ತಿಗೇನ ಇನ್ನೆಲ್ಲಿ ಇಡೋಕಾಗುತ್ತೆ ರುದ್ರಾಣಿ?" ಎಂದು ಇವರು ನನ್ನನ್ನು ಕೇಳಿದರು. ಕೇಳಿದರು ಅನ್ನುವುದೂ ಸುಳ್ಳು. ಅಷ್ಟು ಹೊತ್ತಿಗೆ ಮಂಚಕ್ಕೆ ಹೊಸ ಹಾಸಿಗೆ ಬಂದಾಗಿತ್ತು.

ಚಾಮರಾಜಪೇಟೆಯ ಈ ಮನೆಯಲ್ಲಿ ನಾವು ಕೆಳಗೆ, ನನ್ನ ಓರಗಿತ್ತಿ ದಾಕ್ಷಾಯಣಮ್ಮ ಮೇಲೆ. ಭಾವನವರು ತೀರಿಕೊಂಡ ಮೇಲೂ ಒಬ್ಬರೇ ಮೇಲಿದ್ದರು. ಮಗಳು ಶಿವಾನಿ ತುಮಕೂರಿನಲ್ಲಿ ಕೆಲಸ ಮಾಡುತ್ತಾಳೆ, ಶನಿವಾರ ಶನಿವಾರ ಬಂದು ಹೋಗುತ್ತಾಳೆ. ಹನ್ನೊಂದು ವರ್ಷದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ತಾರಸಿಯ ಮೇಲೆ ನಾನು ಇಟ್ಟಿದ್ದ ಅಕ್ಕಿ ಸಂಡಿಗೆಗೆ ಅವರ ಹೂವಿನ ಕುಂಡಗಳ ನೀರು ಹರಿದು ಬಂದದ್ದು ಕಾರಣ. ನೋಡಿಕೊಂಡು ನೀರು ಹಾಕಬಾರದೇ ಎಂದೆ ನಾನು. ನೋಡಿಕೊಂಡು ಸಂಡಿಗೆ ಇಡಬಾರದೇ ಎಂದರು ಅವರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವನು, ಮಾತು ಬಲ್ಲ ಇಬ್ಬರು ಹೆಂಗಸರಿರುವ ಮನೆಯನ್ನು ನೋಡಿರಲಿಲ್ಲ.

ಈಗ ಮಾತೇ ಅವರನ್ನು ಬಿಟ್ಟಿದೆ. ಮೆದುಳಿನ ಎಡಗಡೆ ರಕ್ತ ಕಟ್ಟಿ, ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ. ನಾಲಿಗೆಗೆ ಪದ ಸಿಗುತ್ತಿಲ್ಲ. ನಾವು ಹೇಳುವುದೆಲ್ಲ ತಿಳಿಯುತ್ತದಂತೆ, ಹೇಳುವುದಕ್ಕೆ ಮಾತ್ರ ಬರುವುದಿಲ್ಲವಂತೆ.

ಸಂಜೆ ಗಂಜಿ ತೆಗೆದುಕೊಂಡು ಹೋದೆ. ನನ್ನನ್ನು ನೋಡಿ ಕಷ್ಟಪಟ್ಟು ಬಾಯಿ ತೆರೆದರು. ಬಂದದ್ದು ಒಂದೇ ಪದ. "ಸಂಡಿಗೆ."

ಸಾವಿನ ಬಾಗಿಲು ತಟ್ಟಿ ಬಂದವರು ಆಡುವ ಮೊದಲ ಮಾತು ಇದೇ ಏನು? ಗಂಜಿ ಕುಡಿಸಿ, ಬಾಯಿ ಒರೆಸಿ ಬಂದೆ. ಕಾಯಿಲೆಯವರ ಮೇಲೆ ಸಿಟ್ಟು ಬಂತು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

14 ಅಕ್ಟೋಬರ್, ಸೋಮವಾರ

ನನ್ನ ಮುಖ ಕಂಡರೆ ಸಾಕು, "ಸಂಡಿಗೆ". ನಿನ್ನೆ ಹಠಕ್ಕೆ ಬಿದ್ದು ನಾಲ್ಕು ಸಂಡಿಗೆ ಕರಿದು, ಗಂಟಲಲ್ಲಿ ಸಿಕ್ಕಿಕೊಳ್ಳದಿರಲಿ ಎಂದು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟೆ. "ಶಿವಾನಿ, ನಿಮ್ಮಮ್ಮನಿಗೆ ಸಂಡಿಗೆ ಬೇಕಂತೆ, ತಿನ್ನಿಸು" ಎಂದೆ. ಅವರು ಎಡಗೈಯಲ್ಲಿ ತಟ್ಟೆ ಸರಿಸಿ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು.

ಇವತ್ತು ಮಾತು ಕಲಿಸುವ ಅನಿಲ್ ಕುಮಾರ್ ಬಂದಿದ್ದರು. ವಾರಕ್ಕೆರಡು ಸಲ ಬರುತ್ತಾರೆ. ಸಣ್ಣ ವಯಸ್ಸು, ತಾಳ್ಮೆ ಜಾಸ್ತಿ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ ಹೇಳಿದರು: "ಮೇಡಂ, ಅವ್ರು ಸಂಡಿಗೆ ಅಂತಿಲ್ಲ. ಸಂಪಿಗೆ ಅಂತಿದಾರೆ. ತುಟಿ ಒಂದ್ಕಡೆ ಎಳ್ದಿದೆಯಲ್ಲ, 'ಪ' ಸರಿಯಾಗಿ ಕೂಡ್ತಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ.

ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು. "ಅರ್ಥ ಆಗ್ದಿದ್ರೆ ಸುಮ್ನೆ ಹೂಂ ಹೂಂ ಅನ್ಬೇಡಿ, ಅವ್ರಿಗೆ ಗೊತ್ತಾಗ್ಬಿಡುತ್ತೆ. ಒಂದು ಹೇಳೋಕ್ ಹೋಗಿ ಇನ್ನೊಂದು ಪದ ಬಂದ್ರೆ, ಸರಿಯಾದ ಪದಾನ ನೀವು ಮೆಲ್ಲಗೆ ಹೇಳಿ. ಒತ್ತಾಯ ಬೇಡ. ಮೊದಲನೇ ಆರೇಳು ತಿಂಗಳು ಮುಖ್ಯ ಮೇಡಂ. ಅವ್ರು ಪ್ರಯತ್ನ ಬಿಡ್ಬಾರ್ದು, ಅಷ್ಟೇ."

ತಿದ್ದುವುದನ್ನು ನನಗೆ ಹೇಳಿಕೊಡಬೇಕೇ? ಬಸವನಗುಡಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಉತ್ತರ ಬಾರದ ಲೆಕ್ಕವನ್ನು ಹಾಗೇ ಬಿಟ್ಟು ಮಲಗಿದವಳಲ್ಲ. ಸಂಪಿಗೆ ಬೇಕೆಂದರೆ ಸಂಪಿಗೆ ತಂದರಾಯಿತು.

19 ಅಕ್ಟೋಬರ್, ಶನಿವಾರ

ಗಾಂಧಿ ಬಜಾರಿಗೆ ಹೋಗಿ ಕೆಂಡಸಂಪಿಗೆ ತಂದೆ. ಎಲೆಯಲ್ಲಿ ಕಟ್ಟಿಸಿಕೊಂಡು ಬಂದು ಬಿಚ್ಚಿದರೆ ಇಡೀ ಕೋಣೆ ಘಮ್ಮೆಂದಿತು. ಶಿವಾನಿಗೆ ಕೊಟ್ಟೆ, ಅವಳು ಅಮ್ಮನ ಅಂಗೈಗೆ ಹಾಕಿದಳು. ಮೂಸಿ ಕೂಡ ನೋಡದೆ ಹಾಸಿಗೆಯ ಮೇಲೆ ಇಟ್ಟುಬಿಟ್ಟರು. "ಸಂಪಿಗೆ" ಎಂದು ಎಡಗೈಯಲ್ಲಿ ಹಾಸಿಗೆಯನ್ನು ತಟ್ಟಿದರು. ಮತ್ತೆ ಮತ್ತೆ ತಟ್ಟಿದರು.

ಹಾಸಿಗೆ ಒದ್ದೆಯಾಗಿದೆಯೇನೋ ಎಂದು ಬಟ್ಟೆ ಬದಲಾಯಿಸಿದೆವು. ಆಮೇಲೆ ಕೈ ಕೆಳಗೆ ಇಳಿಬಿಟ್ಟು ನೆಲದ ಕಡೆಗೆ ತೋರಿಸಿದರು. ನೆಲ ಗಲೀಜಾಗಿದೆ ಎನ್ನುತ್ತಿದ್ದಾರೆ ಎಂದುಕೊಂಡೆ. ಹನ್ನೊಂದು ವರ್ಷ ಕೆಳಗೆ ಇಣುಕಿ ನೋಡದವರು ಬಂದ ತಕ್ಷಣ ನನ್ನ ನೆಲಕ್ಕೆ ಹೆಸರಿಡುತ್ತಾರೆ. ಒರೆಸಿದೆ. ಇನ್ನೂ ತೋರಿಸುತ್ತಲೇ ಇದ್ದರು. "ಅಮ್ಮಂಗೆ ನೆಲದ ಮೇಲೆ ಕೂತ್ಕೊಂಡು ಪೂಜೆ ಮಾಡಿ ಅಭ್ಯಾಸ ಚಿಕ್ಕಮ್ಮ, ಅದನ್ನೇ ಕೇಳ್ತಿರ್ಬೇಕು" ಎಂದು ಶಿವಾನಿ ಚಾಪೆ ಹಾಸಿ ಕೂರಿಸಿದಳು. ಮತ್ತೆ ಮಂಚಕ್ಕೆ ಏರಿಸುವಷ್ಟರಲ್ಲಿ ಇವರ ಸೊಂಟ ಹಿಡಿಯಿತು.

27 ಅಕ್ಟೋಬರ್, ಭಾನುವಾರ

ಸಂಪಿಗೆ ಅನ್ನುವ ಹೆಸರು ಎಷ್ಟು ಗಿಡಗಳಿಗಿದೆ ದೇವರೇ. ಯಾರೋ ನಾಗಸಂಪಿಗೆ ಎಂದರು, ಪರಿಚಯದವರೊಬ್ಬರ ಕಾಂಪೌಂಡಿನಿಂದ ಕೇಳಿ ತಂದೆ. ಅಲ್ಲ. ಹಸಿರು ಸಂಪಿಗೆ ಎಂದರು, ಮಲ್ಲೇಶ್ವರದವರೆಗೆ ಬಸ್ಸಿನಲ್ಲಿ ಹೋಗಿ ತಂದೆ. ಅದೂ ಅಲ್ಲ. ಇವರು ಅಕ್ಕಿಪೇಟೆಯ ಅಂಗಡಿಗೆ ಹೊರಡುತ್ತ, "ಮಲ್ಲೇಶ್ವರದ ಸಂಪಿಗೆ ರೋಡನ್ನೇ ಎತ್ಕೊಂಡ್ ಬಂದ್ಬಿಡು" ಎಂದು ನಕ್ಕರು. ನಗಲಿ. ನಾನು ಪಟ್ಟು ಬಿಡುವವಳಲ್ಲ.

3 ನವೆಂಬರ್, ಭಾನುವಾರ

ಗುಟ್ಟು ಬಯಲಾಯಿತು. ಶಿವಾನಿ ತಾರಸಿಯ ಮೇಲಿನ ಕುಂಡಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದು ಒಂದೊಂದಾಗಿ ತೋರಿಸಿದಳು. ಕಣಗಿಲೆ, ನಂದಿಬಟ್ಟಲು, ತುಂಬೆ, ಎಲ್ಲ ಪೂಜೆಗೆ ಬೆಳೆಸಿಕೊಂಡವು. ಒಂದು ಫೋಟೊ ಬಂದದ್ದೇ ದಾಕ್ಷಾಯಣಮ್ಮನ ಕಣ್ಣು ಅರಳಿತು. "ಸಂಪಿಗೆ, ಸಂಪಿಗೆ" ಎಂದು ಪರದೆಯ ಮೇಲೆ ಬೆರಳಿಟ್ಟರು.

ನೋಡಿದರೆ ಅದರಲ್ಲಿ ಹೂವೇ ಇಲ್ಲ. ಮೊಣಕಾಲೆತ್ತರ ಕೂಡ ಇಲ್ಲದ ಗಿಡ. ಅರಿಶಿನದ ಎಲೆಯ ಹಾಗೆ ನೆಟ್ಟಗೆ ನಿಂತ ನಾಲ್ಕೈದು ಎಲೆ, ಮೇಲೆ ಬೆಳ್ಳಿಯ ಬಣ್ಣದ ಗರಿ ಬರೆದ ಹಾಗಿದೆ, ಹಿಂದುಗಡೆ ನೇರಳೆ. ಹೋದ ವರ್ಷ ಎಲ್ಲಿಂದಲೋ ತಂದು ನೆಟ್ಟಿದ್ದರಂತೆ, ಯಾರಿಗೂ ಅದರ ಸಂಗತಿ ಗೊತ್ತಿಲ್ಲ. ಶಿವಾನಿಯ ಮೊಬೈಲು ಅದನ್ನು ಕ್ಯಾಲಥಿಯಾ ಎಂದಿತು. ಹೋಟೆಲುಗಳ ಬಾಗಿಲಲ್ಲಿ ಇಡುತ್ತಾರಲ್ಲ, ಆ ಅಲಂಕಾರದ ಗಿಡ.

ಅಂದರೆ ಅವರಿಗೆ ಬೇಕಾದದ್ದು ಈ ಗಿಡ, ಬಾಯಿಗೆ ಬರುತ್ತಿರುವುದು ಸಂಪಿಗೆ. ಅನಿಲ್ ಕುಮಾರ್ ಹೇಳಿದ ರೋಗವೇ ಇದು. ಹೆಸರು ತಿದ್ದಿಕೊಟ್ಟರೆ ಮುಗಿಯಿತು. ರಟ್ಟು ಕತ್ತರಿಸಿ ಚಿತ್ರ ಅಂಟಿಸಿ ಕಾರ್ಡು ಮಾಡಿದೆ. ಲೋಟ, ಚಮಚ, ವಿಭೂತಿ ಗಟ್ಟಿ, ಬಾಗಿಲು, ಕ್ಯಾಲಥಿಯಾ. ಬಹಳ ದಿನದ ಮೇಲೆ ಪಾಠಕ್ಕೆ ತಯಾರಿ ಮಾಡಿದ ಖುಷಿ. ನಾಳೆಯಿಂದ ಶುರು.

9 ನವೆಂಬರ್, ಶನಿವಾರ

"ಲೋಟ" ಬಂತು. "ಚಮಚ" ಅರ್ಧ ಬಂತು. ಆ ಕಾರ್ಡು ತೋರಿಸಿದರೆ ಮಾತ್ರ ಮತ್ತೆ ಅದೇ.

"ಕ್ಯಾಲಥಿಯಾ ಅನ್ನಿ."

"ಸಂಪಿಗೆ."

"ಸಂಪಿಗೆ ಅಲ್ಲ. ಸಂಪಿಗೆ ಮರ. ಇದು ಗಿಡ. ಕ್ಯಾ-ಲ-ಥಿ-ಯಾ."

ಹಾಸಿಗೆ ತಟ್ಟಿದರು. ನಾನು ಕಾರ್ಡು ತಟ್ಟಿದೆ. ನನಗಿಂತ ಮೊಂಡರು ಈ ಭೂಮಿಯ ಮೇಲೆ ಇದ್ದರೆ ಅದು ದಾಕ್ಷಾಯಣಮ್ಮ ಒಬ್ಬರೇ. ಆದರೆ ತರಗತಿಯಲ್ಲಿ ನಾನು ಎಂಥೆಂಥ ಮೊಂಡರನ್ನು ದಾರಿಗೆ ತಂದಿಲ್ಲ.

21 ನವೆಂಬರ್, ಗುರುವಾರ

ಇವತ್ತು ಕಾರ್ಡನ್ನು ಕಿತ್ತುಕೊಂಡು ಬಿಸಾಡಿದರು. ಗೋಡೆಯ ಕಡೆ ತಿರುಗಿ ಮಲಗಿದರು. ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದರೋ ಏನೋ, ತಿರುಗಿಸಿ ನೋಡುವ ಧೈರ್ಯ ನನಗಾಗಲಿಲ್ಲ.

2 ಡಿಸೆಂಬರ್, ಸೋಮವಾರ

ಅವತ್ತಿನಿಂದ ಒಂದು ಪದವೂ ಇಲ್ಲ. ಲೋಟವೂ ಇಲ್ಲ, ಚಮಚವೂ ಇಲ್ಲ. ಅನಿಲ್ ಕುಮಾರ್ ಮುಂದೆಯೂ ಬಾಯಿ ಬಿಡುತ್ತಿಲ್ಲ. "ತಾವು ಏನ್ ಹೇಳಿದ್ರೂ ತಪ್ಪು ಅಂತ ಅನ್ನಿಸ್ಬಿಟ್ಟಿದೆ ಅವ್ರಿಗೆ" ಎಂದರು ಆತ. "ಮಾತು ಬರದೇ ಇರೋದಕ್ಕಿಂತ ಇದು ಕಷ್ಟ ಮೇಡಂ. ಹೀಗೇ ಬಾಯಿ ಮುಚ್ಕೊಂಡ್ ಇದ್ಬಿಟ್ರೆ, ಬರಬಹುದಾದ್ದೂ ಬರಲ್ಲ."

ಕಾಫಿ ಕುಡಿಸಿದೆ. ಸಕ್ಕರೆ ಕಡಿಮೆಯಾಗಿತ್ತು ಎಂದು ಹುಬ್ಬಿನಲ್ಲೇ ಗೊತ್ತಾಯಿತು. ಇನ್ನೊಂದು ಚಮಚ ಹಾಕಿದೆ.

12 ಡಿಸೆಂಬರ್, ಗುರುವಾರ

ಬಟ್ಟೆ ಒಣಗಿಸಲು ತಾರಸಿಗೆ ಹೋದವಳು ನೋಡಿದೆ. ಆ ಗಿಡದ ಎಲೆಗಳೆಲ್ಲ ಹಳದಿಯಾಗಿ ಕುಂಡದ ಅಂಚಿಗೆ ಜೋತುಬಿದ್ದಿವೆ. ಎರಡು ಎಲೆ ಆಗಲೇ ಒಣಗಿವೆ. ಕೆಲಸದವಳ ಕೈಯಲ್ಲಿ ದಿನವೂ ನೀರು ಹಾಕಿಸುತ್ತಿದ್ದೇನಲ್ಲ, ಆದರೂ ಹೀಗೇಕೆ? ಬಾಯಿ ಮುಚ್ಚಿಕೊಂಡವರ ಗಿಡವನ್ನೂ ಕೊಂದ ಹಾಗಾಗುತ್ತದೆ.

ಒಣ ಎಲೆಯನ್ನು ಚೀಲದಲ್ಲಿ ಹಾಕಿಕೊಂಡು ಮಹಾನಂದ ಮೇಷ್ಟ್ರ ಮನೆಗೆ ಹೋದೆ. ನಮ್ಮ ಶಾಲೆಯಲ್ಲೇ ಜೀವಶಾಸ್ತ್ರ ಹೇಳುತ್ತಿದ್ದವರು, ಗವಿಪುರದಲ್ಲಿದ್ದಾರೆ. ಎಲೆಯನ್ನು ಉಜ್ಜಿ ಮೂಸಿ ಹೇಳಿದರು: "ಮೊಬೈಲ್ ಹೇಳ್ತು ಅಂತ ನಂಬ್ಬಿಟ್ರಾ ರುದ್ರಾಣಿಯವ್ರೇ? ಕ್ಯಾಲಥಿಯಾ ಚಳಿಗೆ ಹೀಗೆ ಪೂರ್ತಿ ಬಿದ್ದುಹೋಗಲ್ಲ. ಇದು ಶುಂಠಿ, ಅರಿಶಿನದ ಕಡೇದು ಇರ್ಬೇಕು. ಸತ್ತಿಲ್ಲ, ಮಲಗ್ತಿದೆ."

"ಹಾಗಾದ್ರೆ ಹೆಸರೇನು?"

"ಎಲೆ ನೋಡಿ ಹೆಸರು ಹೇಳಿ ಬೈಸಿಕೊಳ್ಳಲ್ಲ. ಹೂ ಬರ್ಲಿ, ಹೇಳ್ತೀನಿ."

"ಯಾವಾಗ ಬರುತ್ತೆ?"

"ಅದನ್ನ ಗಿಡಾನೇ ಕೇಳ್ಬೇಕು. ನೀರು ಮಾತ್ರ ನಿಲ್ಲಿಸ್ಬಿಡಿ. ಮಲಗಿರೋದಕ್ಕೆ ನೀರು ಹಾಕಿದ್ರೆ ಗೆಡ್ಡೆ ಕೊಳೆಯುತ್ತೆ."

ಮನೆಗೆ ಬಂದವಳೇ ಆ ಕಾರ್ಡನ್ನು ಹರಿದೆ. ಅವರ ಮುಂದೆ ನಿಂತು ನೇರವಾಗಿ ಹೇಳಿದೆ: "ಅದು ಕ್ಯಾಲಥಿಯಾ ಅಲ್ವಂತೆ." ತಿರುಗಿ ನೋಡಿದರು. ಬಾಯಿ ಸ್ವಲ್ಪ ತೆರೆದ ಹಾಗಿತ್ತು. "ಸಂಪಿಗೆ ಅಂತೂ ಅಲ್ಲ, ಅರಿಶಿನದ ಜಾತಿ" ಎಂದೆ. ಕಣ್ಣು ಮುಚ್ಚಿಕೊಂಡರು.

ಹೂ ಬರುವವರೆಗೆ ಈ ಗಿಡವನ್ನು ಕಾಯುತ್ತೇನೆ. ಅದರ ಸರಿಯಾದ ಹೆಸರನ್ನು ತಂದು ಅವರ ಕೈಗೆ ಕೊಡುತ್ತೇನೆ. ಇದು ನಿಶ್ಚಯ.

14 ಜನವರಿ 2025, ಮಂಗಳವಾರ

ಸಂಕ್ರಾಂತಿ. ಎಳ್ಳು ಬೀರಲು ಪಕ್ಕದ ಮನೆಯ ಶೈಲಜಮ್ಮ ಬಂದಿದ್ದರು. ಮಂಚದ ಪಕ್ಕದಲ್ಲೇ ನಿಂತು, "ಪಾಪ, ಇವ್ರಿಗೆ ಹಬ್ಬ ಅಂತಾದ್ರೂ ಗೊತ್ತಾಗುತ್ತೇನ್ರೀ?" ಎಂದು ನನ್ನನ್ನು ಕೇಳಿದರು. ನನಗೆ ಎಲ್ಲಿತ್ತೋ ಸಿಟ್ಟು.

"ಎಲ್ಲಾ ಗೊತ್ತಾಗುತ್ತೆ ಶೈಲಜಮ್ಮ. ನೀವೀಗ ಹೇಳಿದ್ದೂ ಕೇಳಿಸ್ತು. ಎಳ್ಳು ಅವ್ರಿಗೇ ಕೊಡಿ, ನನಗಲ್ಲ. ಈ ಮನೆಗೆ ದೊಡ್ಡವ್ರು ಅವ್ರು."

ಶೈಲಜಮ್ಮ ಪೆಚ್ಚಾಗಿ ಎಳ್ಳು ಕೊಟ್ಟು ಹೋದರು. ದಾಕ್ಷಾಯಣಕ್ಕ ಸಕ್ಕರೆ ಅಚ್ಚನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಚೀಪಿದರು.

ಕುಂಡ ಈಗ ಪೂರ್ತಿ ಬರಿದು. ಮಣ್ಣು ಒಣಗಿ ಬಿರುಕು ಬಿಟ್ಟಿದೆ. ಕೈ ನೀರಿನ ಚೊಂಬಿನ ಕಡೆಗೇ ಹೋಗುತ್ತದೆ. ಹಾಕಲಿಲ್ಲ.

30 ಜನವರಿ, ಗುರುವಾರ

ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿಯಿಂದ ಅವರೆಬೇಳೆ ಹೋಳಿಗೆ ತಂದೆ. ಹಾಲಲ್ಲಿ ಕಿವುಚಿ ಅಕ್ಕನಿಗೆ ತಿನ್ನಿಸುತ್ತ ಅಲ್ಲಿಯ ನೂಕುನುಗ್ಗಲು, ಒಬ್ಬ ನನ್ನ ಕಾಲು ತುಳಿದದ್ದು, ನಾನು ಬೈದದ್ದು, ಆಮೇಲೆ ನೋಡಿದರೆ ಅವನು ನನ್ನ ಹಳೆಯ ವಿದ್ಯಾರ್ಥಿಯೇ ಆಗಿದ್ದದ್ದು, ಎಲ್ಲ ಹೇಳಿದೆ. ಅಕ್ಕನ ಹೊಟ್ಟೆ ಕುಲುಕಿತು. ಸದ್ದಿಲ್ಲದೆ ನಗುತ್ತಿದ್ದಳು. ಒಳಗೆ ಬಂದ ಇವರು, "ಏನು, ಅರ್ಧ ಗಂಟೆಯಿಂದ ನಿನ್ನ ಧ್ವನೀನೇ ಕೇಳ್ತಿದೆ" ಎಂದರು. ಅರ್ಧ ಗಂಟೆಯೇನೂ ಆಗಿರಲಿಕ್ಕಿಲ್ಲ.

ಆದರೆ ಪದ ಮಾತ್ರ ಇಲ್ಲ.

23 ಫೆಬ್ರವರಿ, ಭಾನುವಾರ

ಕೈಗೆ ಅಂಟಿದ ಮಣ್ಣನ್ನು ತೊಳೆದು ಬಂದು ಬರೆಯಲು ಕೂತಿದ್ದೇನೆ.

ಶಿವರಾತ್ರಿ ಹತ್ತಿರ ಬಂತೆಂದು ಇವರು ಆಳು ಕರೆಸಿ ತಾರಸಿ ತೊಳೆಸಿದ್ದಾರೆ. ನಾನು ಅಕ್ಕನಿಗೆ ಸ್ನಾನ ಮಾಡಿಸುತ್ತಿದ್ದೆ. ಮೇಲೆ ಹೋಗಿ ನೋಡಿದರೆ ಕುಂಡ ತೊಳೆದು ಬೋರಲು ಹಾಕಿದೆ.

"ಅದು ಖಾಲಿ ಕುಂಡ ಅಲ್ವಾ? ಬರೀ ಮಣ್ಣಿತ್ತು" ಎಂದರು ಇವರು.

"ಖಾಲಿ ಅಂತ ಯಾರು ಹೇಳಿದ್ದು ನಿಮಗೆ? ಕೇಳ್ಬಾರ್ದಾ ಒಂದು ಮಾತು?"

"ಒಂದು ಕುಂಡದ ಮಣ್ಣಿಗೆ ಇಷ್ಟು ಕೂಗಾಡ್ತೀಯಲ್ಲ."

ಕೆಳಗಿಳಿದು ಓಡಿದೆ. ಮಣ್ಣನ್ನು ಗೇಟಿನ ಪಕ್ಕದ ಕಸದ ಗುಡ್ಡೆಗೆ ಸುರಿದಿದ್ದರು. ಸೆರಗು ಸಿಕ್ಕಿಸಿಕೊಂಡು ಎರಡೂ ಕೈ ಹಾಕಿ ಕೆದಕಿದೆ. ಒಡೆದ ಹೆಂಚು, ಕಾಫಿ ಚರಟ, ಒಣ ಎಲೆ, ಅದರ ಕೆಳಗೆ ಸಿಕ್ಕಿತು. ಹೆಬ್ಬೆರಳು ಗಾತ್ರದ ಗೆಡ್ಡೆ, ಅದರಿಂದ ಇಳಿಬಿದ್ದ ಬೇರುಗಳ ತುದಿಯಲ್ಲಿ ಕಡಲೆಕಾಯಿಯಂಥ ಪುಟ್ಟ ಪುಟ್ಟ ಉಂಡೆ. ಮೂಸಿದರೆ ಕರ್ಪೂರದ ವಾಸನೆ. ಬದುಕಿತ್ತು. ಉಗುರು ಊರಿದರೆ ಒಳಗೆ ಗಟ್ಟಿ, ಹಸಿ. ಗೇಟಿನ ಹತ್ತಿರ ಹೋಗಿ ಬರುವವರೆಲ್ಲ ನೋಡುತ್ತಿದ್ದರು. ನೋಡಲಿ.

ಹೊಸ ಮಣ್ಣು ಹಾಕಿ ನೆಟ್ಟೆ. ತಲೆ ಯಾವುದು ಬುಡ ಯಾವುದು ಎಂದು ತಿಳಿಯದೆ ಬೇರು ಕೆಳಗಿರುವ ಹಾಗೆ ಇಟ್ಟೆ. ಕುಂಡವನ್ನು ನಮ್ಮ ಮುಂಬಾಗಿಲ ಮೆಟ್ಟಿಲ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಇನ್ನು ಇದನ್ನು ಮುಟ್ಟಿದವರಿಗೂ ನನಗೂ ಬಿತ್ತು ಜಗಳ.

ಅಕ್ಕನಿಗೆ ಈ ವಿಷಯ ಹೇಳಲಿಲ್ಲ. ನನ್ನ ಉಗುರಿನ ಸಂದಿಯ ಮಣ್ಣನ್ನು ನೋಡಿ ಕೈ ಹಿಡಿದುಕೊಂಡಳು, ಬಿಡಲಿಲ್ಲ.

15 ಮಾರ್ಚ್, ಶನಿವಾರ

"ಸಾಕು ಚಿಕ್ಕಮ್ಮ, ಅಮ್ಮನಿಗೂ ಹಿಂಸೆ, ನಿಮಗೂ ಹಿಂಸೆ" ಎಂದಳು ಶಿವಾನಿ. ಮಾತಿನ ಪಾಠ ನಿಲ್ಲಿಸೋಣ ಎಂದು ಅವಳ ಲೆಕ್ಕ. ಅನಿಲ್ ಕುಮಾರ್ ಕೂಡ, ಕೈಕಾಲಿನ ವ್ಯಾಯಾಮ ಸಾಗಲಿ, ಮಾತು ಅವರಾಗಿಯೇ ಮನಸ್ಸು ಮಾಡಿದರೆ ನೋಡೋಣ ಎಂದರು.

ನಾನು ಒಪ್ಪಲಿಲ್ಲ. "ಮೊದಲನೇ ಆರೇಳು ತಿಂಗಳು ಅಂತ ನೀವೇ ಹೇಳಿದ್ದು. ಇನ್ನೂ ಮುಗಿದಿಲ್ಲ. ನೀವು ಬನ್ನಿ. ಅವಳು ಮಾತಾಡದಿದ್ರೆ ನಾವಿಬ್ರೂ ಮಾತಾಡೋಣ, ಕೇಳಿಸ್ಕೊಳ್ಳಲಿ" ಎಂದೆ.

ಮೊಂಡಿಯ ಮುಂದೆ ಮೊಂಡಿಯಾಗಿಯೇ ಇರಬೇಕು.

30 ಮಾರ್ಚ್, ಭಾನುವಾರ

ಯುಗಾದಿ. ಬೇವು ಬೆಲ್ಲ. ಕುಂಡದಲ್ಲಿ ಏನೂ ಇಲ್ಲ.

16 ಏಪ್ರಿಲ್, ಬುಧವಾರ

ನಿನ್ನೆ ಸಂಜೆ ಒಳ್ಳೆಯ ಮಳೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದರೆ ಕುಂಡದ ಮಣ್ಣಿನ ಮೇಲೆ ಒಂದು ಹೂವು ಬಿದ್ದಿತ್ತು. ಪೂಜೆಯ ಹೂವನ್ನು ಯಾರು ಇದರಲ್ಲಿ ಹಾಕಿದರು ಎಂದು ಬಯ್ದುಕೊಂಡು ತೆಗೆಯಲು ಬಗ್ಗಿದೆ. ಬರಲಿಲ್ಲ. ಬಿದ್ದ ಹೂವಲ್ಲ ಅದು, ಮಣ್ಣಿನಿಂದಲೇ ಎದ್ದು ಬಂದದ್ದು. ಕಾಂಡವಿಲ್ಲ, ಎಲೆಯಿಲ್ಲ, ನೆಲಕ್ಕೆ ಅಂಟಿಕೊಂಡು ಅರಳಿದೆ. ಸಣ್ಣಗೆ ಉದ್ದವಾದ ಬಿಳಿ ಎಸಳು, ಮಧ್ಯೆ ಎರಡಾಗಿ ಸೀಳಿದ ನೇರಳೆ ತುಟಿ. ಮೂಗನ್ನು ಹತ್ತಿರ ತಂದರೆ ಪರಿಮಳ. ಪಕ್ಕದಲ್ಲಿ ಇನ್ನೊಂದು ಮೊಗ್ಗು ಮಣ್ಣು ಸೀಳಿಕೊಂಡಿತ್ತು.

ನಾಲ್ಕು ಫೋಟೊ ತೆಗೆದು ಮಹಾನಂದ ಮೇಷ್ಟ್ರಿಗೆ ಕಳಿಸಿದೆ. ತಕ್ಷಣ ಫೋನು ಬಂತು.

"ಬಂತಲ್ಲ ರುದ್ರಾಣಿಯವ್ರೇ! ಎಲೆ ಬರೋಕ್ ಮುಂಚೆ ಹೂ. ಬೇರೆ ಅನುಮಾನವೇ ಇಲ್ಲ. ಇದು ನೆಲಸಂಪಿಗೆ."

"ಏನಂದ್ರಿ?"

"ನೆಲಸಂಪಿಗೆ ಕಣ್ರೀ. ನೆಲದಿಂದಲೇ ಹೂ ಬಿಡುತ್ತಲ್ಲ, ಅದಕ್ಕೆ ಆ ಹೆಸರು. ಯಾಕೆ, ಏನಾಯ್ತು?"

ಏನಾಯಿತೆಂದು ಅವರಿಗೆ ಹೇಗೆ ಹೇಳಲಿ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಹೆಸರಿನ ಅರ್ಧ ಅವಳ ನಾಲಿಗೆಗೆ ಸಿಕ್ಕಿತ್ತು. ಸಿಗದೆ ಹೋದ ಇನ್ನರ್ಧವನ್ನು ಕೈಯಲ್ಲಿ ತೋರಿಸಿದ್ದಳು. ಹಾಸಿಗೆ ತಟ್ಟಿ, ನೆಲ ತೋರಿಸಿ, ಎಷ್ಟು ಸಲ. ನಾವು ಬಟ್ಟೆ ಬದಲಾಯಿಸಿದೆವು, ನೆಲ ಒರೆಸಿದೆವು, ಚಾಪೆ ಹಾಸಿದೆವು. ಅವಳಿಗೆ ಉಳಿದಿದ್ದ ಒಂದೇ ಒಂದು ಸರಿಯಾದ ಪದವನ್ನು ನಾನು ತಪ್ಪು ತಪ್ಪು ಎಂದು ದಿನಾ ಹೊಡೆದುಹಾಕಿದೆ. ಇನ್ನು ಯಾವ ಪದವನ್ನು ನಂಬಿ ಬಾಯಿ ತೆರೆದಾಳು? ನಾಚಿಕೆಯಾಯಿತು. ಅಳು ಬಂತು. ಕೆಲಸದವಳು ಬಂದು "ಯಾಕಮ್ಮಾ?" ಎಂದಾಗ ಎದ್ದೆ.

ಕುಂಡವನ್ನು ಎತ್ತಿಕೊಂಡು ಹೋಗಿ ಮಂಚದ ಪಕ್ಕ, ನೆಲದ ಮೇಲೆ ಇಟ್ಟೆ. ಅಕ್ಕನನ್ನು ಒರಗಿಸಿ ಕೂರಿಸಿದೆ. ಅವಳು ಬಗ್ಗಿ ನೋಡಿದಳು.

"ಅಕ್ಕಾ, ನೀವು ಹೇಳಿದ್ದೇ ಸರಿ. ಮೊದಲಿಂದ್ಲೂ ಸರಿಯಾಗೇ ಹೇಳ್ತಿದ್ರಿ. ತಪ್ಪು ಹೇಳ್ಕೊಟ್ಟಿದ್ದು ನಾನು."

ಹೂವನ್ನು ನೋಡಿದಳು, ನನ್ನನ್ನು ನೋಡಿದಳು. ಎಡಗೈ ನಿಧಾನವಾಗಿ ಮೇಲೆದ್ದು ಹಾಸಿಗೆಯ ಮೇಲೆ ಬಿತ್ತು. ಒಂದು ಸಲ ತಟ್ಟಿದಳು.

"ಗೊತ್ತಾಯ್ತು" ಎಂದೆ. "ಈಗ ಗೊತ್ತಾಯ್ತು. ನೆಲ."

ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. "ನೆ" ಎಂದಳು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ, "ಲ." ಐದು ತಿಂಗಳಾಗಿತ್ತು ಆ ಧ್ವನಿ ಕೇಳಿ. ಒರಟಾಗಿತ್ತು, ಬೇರೆ ಯಾರದೋ ಧ್ವನಿಯ ಹಾಗಿತ್ತು.

18 ಏಪ್ರಿಲ್, ಶುಕ್ರವಾರ

ಎರಡನೆಯ ಹೂವೂ ಅರಳಿದೆ. ಅನಿಲ್ ಕುಮಾರ್ ಬಂದಾಗ ಅಕ್ಕ "ಲೋಟ" ಎಂದಳು, "ಬಾಗಿಲು" ಎಂದಳು. ಚಮಚಕ್ಕೆ "ಸಮಚ" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಆತ ನನ್ನ ಕಡೆ ನೋಡಿದರು. ಸಮಚವೇ ಇರಲಿ.

ಮಧ್ಯಾಹ್ನ ಶೈಲಜಮ್ಮ ಬಂದರು. ನೆಲದಿಂದ ಹೂ ಎದ್ದಿದೆ ಎಂದು ಬೀದಿಯಲ್ಲೆಲ್ಲ ಸುದ್ದಿಯಾಗಿದೆಯಂತೆ. ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದು ಕುಂಡದ ಮೇಲೆ ಬಗ್ಗಿ ನೋಡಿ, "ಇಂಥದ್ದು ನಾನು ಕಂಡೇ ಇಲ್ಲಪ್ಪ. ಇದ್ಯಾವ ಹೂವ್ರೀ ರುದ್ರಾಣಿ?" ಎಂದು ಕೇಳಿದರು.

"ಇದು ಬಂದು," ಎಂದು ನಾನು ಶುರುಮಾಡಿದೆ. ಮಂಚದ ಕಡೆಯಿಂದ ಎಡಗೈ ಬಂದು ನನ್ನ ತೋಳಿನ ಮೇಲೆ ಬಿತ್ತು, ಸ್ವಲ್ಪ ಜೋರಾಗಿಯೇ.

"ಸುಮ್ನಿರೇ" ಎಂದಳು ಅಕ್ಕ. "ನಾನು."

ಶೈಲಜಮ್ಮ ಬಾಯಿ ಬಿಟ್ಟುಕೊಂಡು ನೋಡಿದರು. ಅಕ್ಕನ ತುಟಿ ಕೂಡಲು ಹೊರಟಿತು, ತಪ್ಪಿತು. ಕುತ್ತಿಗೆಯ ನರ ಉಬ್ಬಿತು. ಮತ್ತೆ ಮೊದಲಿನಿಂದ. ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿಕೊಂಡು ಕೂತೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಮಾತಿಗೆ ಸುಮ್ಮನಾದವಳಲ್ಲ ನಾನು. ಇವತ್ತು ಸುಮ್ಮನಿದ್ದೆ.

ಶೈಲಜಮ್ಮನ ಕಾಫಿ ಆರಿಹೋಯಿತು. ಅಕ್ಕ ಹೇಳಿ ಮುಗಿಸಿದಳು, ಪೂರ್ತಿಯಾಗಿ.